ತೂಕಕ್ಕೆ ಬೆಲೆ, ಅಚ್ಚಿಗಿಲ್ಲ

ಹಳೆಯ ಚಿನ್ನದ ನಾಣ್ಯವೊಂದಕ್ಕೆ ಎರಡು ಬೆಲೆಗಳಿರುತ್ತವೆ. ಒಂದು, ಅದರಲ್ಲಿರುವ ಲೋಹದ ಬೆಲೆ. ತಕ್ಕಡಿಯೂ ಒರೆಗಲ್ಲೂ ಅದನ್ನು ಐದು ನಿಮಿಷದಲ್ಲಿ ಹೇಳಿಬಿಡುತ್ತವೆ. ಇನ್ನೊಂದು, ಆ ಲೋಹದ ಮೇಲೆ ಬಿದ್ದಿರುವ ಅಚ್ಚಿನ ಬೆಲೆ. ಯಾವ ಅರಸ, ಯಾವ ಟಂಕಸಾಲೆ, ಯಾವ ಕಾಲ, ಎಷ್ಟನೆಯ ಅಚ್ಚು ಎಂಬ ಸಂಗತಿಗಳನ್ನೆಲ್ಲ ಅದು ಒಳಗೊಂಡಿರುತ್ತದೆ. ನಾಣ್ಯವನ್ನು ಕರಗಿಸಿದ ಮೇಲೂ ಮೊದಲನೆಯ ಬೆಲೆ ಉಳಿಯುತ್ತದೆ. ಎರಡನೆಯದು ಮೂಸೆಯಲ್ಲಿ ಒಮ್ಮೆ ಅಳಿದರೆ ಮತ್ತೆ ಬರುವುದಿಲ್ಲ. ನಮ್ಮ ಸಮಾಜ, ನಮ್ಮ ಮಾರುಕಟ್ಟೆ ಮತ್ತು ನಮ್ಮ ಕಾನೂನು ಈ ಮೂರೂ ಮೊದಲನೆಯ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತ ಬಂದಿರುವುದರಿಂದ ಕರ್ನಾಟಕದ ಆರ್ಥಿಕ ಇತಿಹಾಸದ ಒಂದು ಮುಖ್ಯ ಆಕರ ಸದ್ದಿಲ್ಲದೆ ಕರಗಿಹೋಗುತ್ತಿದೆ.

ಈ ಮಾತು ಎಲ್ಲ ಜಿಲ್ಲೆಗಳಿಗೂ ಅನ್ವಯಿಸುತ್ತದೆಯಾದರೂ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಕಕ್ಕೇರಾ, ಹುಣಸಗಿ, ಕೊಡೇಕಲ್ ಕಡೆಯ ನೆಲ ಬಹಳ ಹಳೆಯದು. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪ್ರಾಧ್ಯಾಪಕ ಕೆ. ಪದ್ದಯ್ಯ ಅವರು ನಡೆಸಿದ ಶೋಧಗಳು ಆದಿ ಶಿಲಾಯುಗದ ಮಾನವನ ನೆಲೆಗಳನ್ನು ಜಗತ್ತಿಗೆ ಪರಿಚಯಿಸಿದವು. ಕೃಷ್ಣೆಯನ್ನು ದಾಟಿದರೆ ಆಚೆ ದಂಡೆಯಲ್ಲಿ ಹಟ್ಟಿಯ ಚಿನ್ನದ ಗಣಿಗಳಿವೆ. ಅಲ್ಲಿನ ಪ್ರಾಚೀನ ಗಣಿಗಾರಿಕೆ ಎರಡು ಸಾವಿರ ವರ್ಷಗಳಷ್ಟು ಹಿಂದಿನದು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಕೂಡ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರೇ. ಹೀಗೆ ಒಂದೇ ನದಿಯ ಎರಡು ದಂಡೆಗಳಲ್ಲಿ ಚಿನ್ನವನ್ನು ಅಗೆದವರೂ ಅಚ್ಚೊತ್ತಿದವರೂ ಹೂತಿಟ್ಟವರೂ ಬಾಳಿ ಹೋಗಿದ್ದಾರೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಹೊಲ ಸಮತಟ್ಟು ಮಾಡುವುದು, ಹೊಲಗಾಲುವೆ ತೋಡುವುದು, ಮನೆಗೆ ಪಾಯ ತೆಗೆಯುವುದು ನಿತ್ಯದ ಕೆಲಸವಾಗಿದೆ. ನೆಲ ಅಗೆದಲ್ಲೆಲ್ಲ ಹಳೆಯದು ಮೇಲೆ ಬರುವುದು ಸಹಜ. ಮೇಲೆ ಬಂದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಅಚ್ಚು ಎಂಬುದಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ಮೊದಲು ನೋಡೋಣ. ಯಂತ್ರಗಳು ಬರುವ ಮುನ್ನ ಪ್ರತಿಯೊಂದು ಅಚ್ಚನ್ನೂ ಕುಶಲಕರ್ಮಿಯೊಬ್ಬ ಕೈಯಿಂದಲೇ ಕೊರೆಯುತ್ತಿದ್ದ. ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಅದರ ಮೇಲೆ ಕಾಯಿಸಿದ ಚಿನ್ನದ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆದರೆ ನಾಣ್ಯ. ಸುತ್ತಿಗೆಯ ಪೆಟ್ಟು ನೇರವಾಗಿ ಬೀಳುವ ಮೇಲಿನ ಅಚ್ಚು ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ, ಒಡೆಯುತ್ತದೆ. ಆಗ ಹೊಸದೊಂದನ್ನು ಕೊರೆಯಬೇಕು. ಎಷ್ಟೇ ನುರಿತ ಕೈಯಾದರೂ ಹೊಸ ಅಚ್ಚು ಹಳೆಯದರಂತೆಯೇ ಇರುವುದಿಲ್ಲ. ಒಂದರಲ್ಲಿ ಅಕ್ಷರ ತುಸು ವಾಲಿರುತ್ತದೆ, ಇನ್ನೊಂದರಲ್ಲಿ ದೇವರ ಕೈಯಲ್ಲಿರುವ ಶಂಖ ಸಣ್ಣದಾಗಿರುತ್ತದೆ, ಮತ್ತೊಂದರಲ್ಲಿ ಅಂಚಿನ ಚುಕ್ಕೆಗಳ ಸಂಖ್ಯೆ ಬೇರೆಯಾಗಿರುತ್ತದೆ. ಇವೇ ಅಚ್ಚಿನ ಪ್ರಭೇದಗಳು. ಇವುಗಳನ್ನು ಗುರುತಿಸಿ ಬೇರ್ಪಡಿಸುವುದು ಹೊರಗಿನವರಿಗೆ ಕೂದಲು ಸೀಳುವ ಕೆಲಸವಾಗಿ ಕಾಣಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮಾತ್ರ ಇದು ಲೆಕ್ಕಪತ್ರದ ಪುಸ್ತಕ.

ಅದು ಹೇಗೆಂದರೆ, ಒಂದೇ ಮುಂಬದಿಯ ಅಚ್ಚು ಎರಡು ಬೇರೆ ಬೇರೆ ಹಿಂಬದಿಯ ಅಚ್ಚುಗಳೊಂದಿಗೆ ಬಳಕೆಯಾಗಿದ್ದರೆ ಆ ಎರಡೂ ನಾಣ್ಯಗಳು ಒಂದೇ ಟಂಕಸಾಲೆಯಿಂದ, ಹತ್ತಿರದ ಕಾಲದಲ್ಲಿ ಹೊರಬಂದವು ಎಂದು ತಿಳಿಯುತ್ತದೆ. ಅಚ್ಚಿನ ಬಿರುಕು ಒಂದು ನಾಣ್ಯದಲ್ಲಿ ಸಣ್ಣದಾಗಿದ್ದು ಇನ್ನೊಂದರಲ್ಲಿ ದೊಡ್ಡದಾಗಿದ್ದರೆ ಯಾವುದು ಮೊದಲು, ಯಾವುದು ಆನಂತರ ಎಂದು ಹೇಳಬಹುದು. ಇನ್ನೂ ಮುಖ್ಯವಾದುದು ಪ್ರಮಾಣದ ಅಂದಾಜು. ಐವತ್ತು ನಾಣ್ಯಗಳನ್ನು ಪರೀಕ್ಷಿಸಿದಾಗ ಅವೆಲ್ಲ ಐದೇ ಅಚ್ಚುಗಳಿಂದ ಬಂದಿದ್ದರೆ ಆ ಟಂಕಸಾಲೆಯ ಅಚ್ಚುಗಳನ್ನೆಲ್ಲ ನಾವು ಹೆಚ್ಚುಕಡಿಮೆ ನೋಡಿದ್ದೇವೆ ಎಂದರ್ಥ. ಅದೇ ಐವತ್ತು ನಾಣ್ಯಗಳಲ್ಲಿ ನಲವತ್ತೈದು ಬೇರೆ ಬೇರೆ ಅಚ್ಚುಗಳು ಕಂಡರೆ, ಕಾಣದೆ ಉಳಿದವು ಇನ್ನೂ ಬಹಳ ಇವೆ, ನಾಣ್ಯಗಳ ಉತ್ಪಾದನೆ ಭಾರಿ ಪ್ರಮಾಣದಲ್ಲಿತ್ತು ಎಂದರ್ಥ. ಕೆರೆಯಲ್ಲಿ ಕೆಲವು ಮೀನು ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನ ಮೀನು ಎಷ್ಟು ಸಿಕ್ಕವು ಎಂಬುದರಿಂದ ಕೆರೆಯ ಒಟ್ಟು ಮೀನನ್ನು ಅಂದಾಜು ಮಾಡುವ ವಿಧಾನಕ್ಕೂ ಇದಕ್ಕೂ ತತ್ವ ಒಂದೇ. ಟಂಕಸಾಲೆಯ ಕಡತಗಳೇ ಉಳಿದಿಲ್ಲದ ನಾಡಿನಲ್ಲಿ ಹಣದ ಪೂರೈಕೆಯನ್ನು ಅಳೆಯಲು ಇದರಷ್ಟು ಭರವಸೆಯ ದಾರಿ ಇನ್ನೊಂದಿಲ್ಲ.

ಕನ್ನಡನಾಡಿನ ಚಿನ್ನದ ನಾಣ್ಯಗಳ ಪರಂಪರೆ ಇಂತಹ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿದೆ. ಶಾಸನಗಳಲ್ಲಿ ದತ್ತಿ, ದಂಡ, ಸುಂಕಗಳೆಲ್ಲ ಗದ್ಯಾಣ, ಹಣ, ಹಾಗ, ವೀಸಗಳ ಲೆಕ್ಕದಲ್ಲಿವೆ. ‘ಲೊಕ್ಕಿ ಗದ್ಯಾಣ’ ಎಂಬ ಹೆಸರು ಗದಗ ಬಳಿಯ ಲಕ್ಕುಂಡಿಯ ಕಮ್ಮಟವನ್ನು ನೆನಪಿಸುತ್ತದೆ. ಇಂದು ನಾವು ದುಡ್ಡಿಗೆಲ್ಲ ಬಳಸುವ ‘ಹಣ’ ಎಂಬ ಮಾತು ಒಂದು ಕಾಲದಲ್ಲಿ ಅರ್ಧ ಗ್ರಾಂ ಕೂಡ ತೂಗದ ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು. ಕದಂಬರ ಕಾಲದಿಂದ ದೇವಗಿರಿಯ ಸೇವುಣರವರೆಗೆ ನಡೆದುಬಂದ ಪದ್ಮಟಂಕಗಳಲ್ಲಿ ನಡುವೆ ಕಮಲ, ಸುತ್ತ ಬಿಡಿಬಿಡಿಯಾಗಿ ಒತ್ತಿದ ಮುದ್ರೆಗಳು, ಅರಸನ ಹೆಸರಿನ ಅಕ್ಷರಗಳು ಇರುತ್ತವೆ. ಒಂದೊಂದು ಮುದ್ರೆಯನ್ನೂ ಪ್ರತ್ಯೇಕವಾಗಿ ಒತ್ತುತ್ತಿದ್ದುದರಿಂದ ಬಟ್ಟಲಿನಂತೆ ಬಾಗಿದ ಈ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದುಗಳು ಕನ್ನಡದಲ್ಲೇ ಇವೆ. ಗೆದ್ದ ನಾಡಿನ ಸುದ್ದಿಯನ್ನು ಜನರ ಕೈಗೆ ತಲುಪಿಸುವ ಸಾಧನವಾಗಿ ಆ ಅರಸ ನಾಣ್ಯವನ್ನು ಬಳಸಿಕೊಂಡಿದ್ದ.

ವಿಜಯನಗರದ ಕಾಲಕ್ಕೆ ಬಂದರೆ ವರಹವೇ ದಕ್ಷಿಣ ಭಾರತದ ಹಣವಾಯಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ವರಹ, ಅದರ ಅರ್ಧವಾದ ಪರತಾಬ, ಪರತಾಬದ ಹತ್ತನೆಯ ಒಂದು ಭಾಗವಾದ ಹಣ ಎಂದು ಚಿನ್ನದ ನಾಣ್ಯಗಳ ಶ್ರೇಣಿಯನ್ನು ಬರೆದಿಟ್ಟಿದ್ದಾನೆ. ಸುಮಾರು 3.4 ಗ್ರಾಂ ತೂಗುವ ವರಹದ ಮೇಲೆ ಅರಸರು ಬದಲಾದಂತೆ ದೇವತೆಗಳೂ ಬದಲಾದರು. ಎರಡನೆಯ ಹರಿಹರ ಮತ್ತು ದೇವರಾಯರ ಕಾಲದಲ್ಲಿ ಉಮಾಮಹೇಶ್ವರ, ಕೃಷ್ಣದೇವರಾಯನ ಕಾಲದಲ್ಲಿ ಕುಳಿತ ಬಾಲಕೃಷ್ಣ, ಅಚ್ಯುತರಾಯನ ಕಾಲದಲ್ಲಿ ಕೊಕ್ಕು–ಉಗುರುಗಳಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ. ಕೃಷ್ಣದೇವರಾಯನ ವರಹದ ಮೂರ್ತಿಯನ್ನು ಹಿಂದೆ ಕೆಲವರು ದುರ್ಗೆಯೆಂದೇ ತಿಳಿದಿದ್ದರು. ‘ದುರ್ಗಿ ವರಹ’ ಎಂಬ ಹೆಸರೂ ಬಳಕೆಯಲ್ಲಿತ್ತು. ಉದಯಗಿರಿಯ ವಿಜಯದ ನಂತರ ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು ಹಂಪಿಯಲ್ಲಿ ಪ್ರತಿಷ್ಠಾಪಿಸಿದ ಹಿನ್ನೆಲೆಯಲ್ಲಿ ಅದು ಬಾಲಕೃಷ್ಣನೆಂದೇ ಈಗ ಹೆಚ್ಚಿನವರು ಒಪ್ಪುತ್ತಾರೆ. ಈ ವರಹಗಳಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆದ್ದರಿಂದ ಒಂದೊಂದು ನಾಣ್ಯದ ಮೇಲೆ ಅಚ್ಚಿನ ಒಂದೊಂದು ಭಾಗ ಮಾತ್ರ ಬಿದ್ದಿರುತ್ತದೆ. ಪೂರ್ಣ ಚಿತ್ರ ಬೇಕಾದರೆ ಒಂದೇ ಅಚ್ಚಿನ ಹಲವು ನಾಣ್ಯಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಂದು ನಿಧಿಯಲ್ಲಿ ಸಿಕ್ಕ ನಾಣ್ಯಗಳನ್ನು ಒಡೆದು ಹಂಚಬಾರದು ಎನ್ನುವುದಕ್ಕೆ ಇರುವ ಶಾಸ್ತ್ರೀಯ ಕಾರಣಗಳಲ್ಲಿ ಇದೂ ಒಂದು.

ನಾಣ್ಯ ಕರಗಿಸುವ ಚಾಳಿ ಇಂದಿನದೇನಲ್ಲ. ವಿಜಾಪುರದಲ್ಲಿದ್ದುಕೊಂಡು ಇತಿಹಾಸ ಬರೆದ ಫರಿಶ್ತಾ ಹದಿನಾಲ್ಕನೆಯ ಶತಮಾನದ ಪ್ರಸಂಗವೊಂದನ್ನು ದಾಖಲಿಸಿದ್ದಾನೆ. ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳುತ್ತಿದ್ದ ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಾ ತನ್ನ ಹೆಸರಿನಲ್ಲಿ ಚಿನ್ನದ ಟಂಕಗಳನ್ನು ಹೊರಡಿಸಿದ. ವಿಜಯನಗರ ಮತ್ತು ತೆಲಂಗಾಣದ ರಾಯರ ಪ್ರಚೋದನೆಯಿಂದ ಸ್ಥಳೀಯ ಸರಾಫರೂ ಅಕ್ಕಸಾಲಿಗರೂ ಅವನ್ನು ಕರಗಿಸತೊಡಗಿದರಂತೆ. ಸುಲ್ತಾನ ಅವರಿಗೆ ಮರಣದಂಡನೆ ವಿಧಿಸಿ, ದೆಹಲಿಯ ಕಡೆಯಿಂದ ಬಂದ ಖತ್ರಿಗಳಿಗೆ ಆ ವೃತ್ತಿಯನ್ನು ವಹಿಸಿದನೆಂದು ಫರಿಶ್ತಾ ಬರೆಯುತ್ತಾನೆ. ಆಸ್ಥಾನದ ಇತಿಹಾಸಕಾರನಿಗೆ ಇದರಲ್ಲಿ ಧರ್ಮದ್ವೇಷ ಕಂಡಿತು. ಅರ್ಥಶಾಸ್ತ್ರ ಓದಿದವನಿಗೆ ಬೇರೊಂದು ವಿವರಣೆಯೂ ಹೊಳೆಯುತ್ತದೆ. ಬಹಮನಿ ಟಂಕ ಭಾರವಾದ, ಉತ್ತಮ ಚಿನ್ನದ ನಾಣ್ಯ. ಜನ ನಂಬಿ ಬಳಸುತ್ತಿದ್ದುದು ಚಿಕ್ಕ ಹೊನ್ನನ್ನು. ಪೇಟೆಯಲ್ಲಿ ಓಡುವ ನಾಣ್ಯಕ್ಕಿಂತ ಮೂಸೆಯಲ್ಲಿ ಹೆಚ್ಚು ಬೆಲೆ ಬರುವ ನಾಣ್ಯವನ್ನು ಯಾವ ಶಿಕ್ಷೆಯೂ ಉಳಿಸಲಾರದು. ಗ್ರೆಷಮ್ಮನ ಹೆಸರಿನಲ್ಲಿ ನಾವು ಕಾಲೇಜಿನಲ್ಲಿ ಓದಿದ ನಿಯಮ ಅವನಿಗಿಂತ ಎರಡು ಶತಮಾನ ಮೊದಲೇ ಕಲಬುರಗಿಯ ಬಜಾರಿನಲ್ಲಿ ಕೆಲಸ ಮಾಡುತ್ತಿತ್ತು.

ಇದೇ ನಿಯಮ ಅಮೆರಿಕದಲ್ಲೂ ಕೆಲಸ ಮಾಡಿತು. ಆ ಕಥೆ ನಮಗೆ ಪಾಠವಾಗಬಲ್ಲದು. ಅಮೆರಿಕದ ಟಂಕಸಾಲೆ ತನ್ನ ಮೊದಲ ಚಿನ್ನದ ನಾಣ್ಯಗಳನ್ನು ಹೊರಡಿಸಿದ್ದು 1795ರಲ್ಲಿ. ಐದು ಡಾಲರಿನ ‘ಅರ್ಧ ಈಗಲ್’ 8.75 ಗ್ರಾಂ ತೂಗುತ್ತಿತ್ತು. ಇಪ್ಪತ್ತೆರಡು ಕ್ಯಾರಟ್ ಚಿನ್ನ. 1792ರ ಕಾನೂನು ಹದಿನೈದು ತೂಕ ಬೆಳ್ಳಿಗೆ ಒಂದು ತೂಕ ಚಿನ್ನ ಸಮವೆಂದು ನಿಗದಿ ಮಾಡಿತ್ತು. ಯೂರೋಪಿನ ಪೇಟೆಯಲ್ಲಿ ಅದೇ ಚಿನ್ನಕ್ಕೆ ಹದಿನೈದೂವರೆ ತೂಕದಷ್ಟು ಬೆಳ್ಳಿ ಸಿಗುತ್ತಿತ್ತು. ಪರಿಣಾಮವಾಗಿ ಚಿನ್ನದ ನಾಣ್ಯಗಳು ಹಡಗು ಹತ್ತಿ ಹೋಗಿ ಕರಗಿದವು. 1834ರಲ್ಲಿ ಅನುಪಾತವನ್ನು ಹದಿನಾರಕ್ಕೆ ಏರಿಸಿ ನಾಣ್ಯದ ತೂಕ ಇಳಿಸಿದಾಗ, ಹಳೆಯ ಭಾರದ ನಾಣ್ಯಗಳನ್ನು ಕರಗಿಸುವುದೇ ಮತ್ತೂ ಲಾಭಕರವಾಯಿತು. 1822ರಲ್ಲಿ ಆ ಟಂಕಸಾಲೆಯ ಲೆಕ್ಕದ ಪ್ರಕಾರ 17,796 ಅರ್ಧ ಈಗಲ್‌ಗಳು ಹೊರಬಂದಿದ್ದವು. ಆ ವರ್ಷದ ಮುದ್ರೆ ಹೊತ್ತು ಇಂದು ಉಳಿದಿರುವುದು ಮೂರೇ ಮೂರು. ಎರಡು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ. ಮೂರನೆಯದು 2021ರ ಹರಾಜಿನಲ್ಲಿ 84 ಲಕ್ಷ ಡಾಲರಿಗೆ ಮಾರಾಟವಾಯಿತು.

ಆದರೆ ಅಮೆರಿಕದವರು ಉಳಿದದ್ದನ್ನು ಹೇಗೆ ನೋಡಿಕೊಂಡರು ಎಂಬುದು ಬೆಲೆಗಿಂತ ಮುಖ್ಯ. ಅಲ್ಲಿಯೂ ಆರಂಭದ ಅಚ್ಚುಗಳು ಬಹುಮಟ್ಟಿಗೆ ಕೈಕೆಲಸವೇ. ನಕ್ಷತ್ರಗಳನ್ನೂ ಅಕ್ಷರಗಳನ್ನೂ ಅಂಕಿಗಳನ್ನೂ ಅಚ್ಚಿನ ಮೇಲೆ ಒಂದೊಂದಾಗಿ ಒತ್ತುತ್ತಿದ್ದರು. ಉಕ್ಕಿನ ಅಚ್ಚು ದುಬಾರಿಯಾದ್ದರಿಂದ ಹಳೆಯ ವರ್ಷದ ಅಂಕಿಯ ಮೇಲೆ ಹೊಸ ಅಂಕಿಯನ್ನು ಒತ್ತಿ ಮತ್ತೆ ಬಳಸುತ್ತಿದ್ದುದೂ ಉಂಟು. ಡಲ್ಲಾಸಿನ ಹ್ಯಾರಿ ಬಾಸ್ ಎಂಬ ಸಂಗ್ರಾಹಕರು ದಶಕಗಳ ಕಾಲ ಈ ನಾಣ್ಯಗಳನ್ನು ವರ್ಷಕ್ಕೊಂದರಂತೆ ಕೂಡಿಡುವ ಬದಲು ಅಚ್ಚಿಗೊಂದರಂತೆ ಕೂಡಿಟ್ಟರು, ಒಂದೊಂದರ ಬಗೆಗೂ ಟಿಪ್ಪಣಿ ಮಾಡಿದರು. ಅವರು 1998ರಲ್ಲಿ ತೀರಿಕೊಂಡ ನಂತರ ಆ ಟಿಪ್ಪಣಿಗಳನ್ನು ಆಧರಿಸಿ ಜಾನ್ ಡಾನ್‌ರಾಯ್ಟರ್ 1795ರಿಂದ 1834ರವರೆಗಿನ ಚಿನ್ನದ ನಾಣ್ಯಗಳ ಅಚ್ಚಿನ ಪ್ರಭೇದಗಳ ಗ್ರಂಥವನ್ನು 2006ರಲ್ಲಿ ಹೊರತಂದರು. ನಲವತ್ತು ವರ್ಷಗಳ ನಾಣ್ಯಗಳಿಗೆ ಇಷ್ಟು ನಿಖರವಾದ ದಾಖಲೆಯನ್ನು ಕೊಟ್ಟವನು ಒಬ್ಬ ಖಾಸಗಿ ಸಂಗ್ರಾಹಕ. ಸಂಗ್ರಹವೆಂದರೆ ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ವಿದ್ವತ್ತಿಗೆ ಕೊರತೆಯಿಲ್ಲ. ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ 1886ರಲ್ಲೇ ಗ್ರಂಥ ಬರೆದರು. ಹೈದರ್ ಮತ್ತು ಟಿಪ್ಪು ನಾಣ್ಯಗಳನ್ನು ಹೆಂಡರ್ಸನ್ 1921ರಲ್ಲಿ ಪಟ್ಟಿ ಮಾಡಿದರು. ಮೈಸೂರಿನ ಡಾ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ 1975ರಲ್ಲಿ ಪ್ರಕಟಿಸಿದ ಕೃತಿ ಇಂದಿಗೂ ಅಧ್ಯಯನಕ್ಕೆ ಬುನಾದಿ. ವಿಜಯನಗರದ ನಾಣ್ಯಗಳ ಬಗ್ಗೆ ಕೆ. ಗಣೇಶ್ ಮತ್ತು ಗಿರಿಜಾಪತಿ ಅವರ ಗ್ರಂಥವೂ ಇದೆ. ಇವೆಲ್ಲ ಯಾವ ಅರಸ ಯಾವ ಬಗೆಯ ನಾಣ್ಯ ಹೊರಡಿಸಿದ ಎಂಬುದನ್ನು ನಿರ್ಧರಿಸಿಕೊಟ್ಟಿವೆ. ಮುಂದಿನ ಹೆಜ್ಜೆ, ಅಂದರೆ ಒಂದೊಂದು ಬಗೆಯಲ್ಲಿ ಎಷ್ಟು ಅಚ್ಚುಗಳಿದ್ದವು ಎಂಬ ಎಣಿಕೆ, ನಡೆಯಬೇಕಾದರೆ ನೂರಾರು ನಾಣ್ಯಗಳ ಸ್ಪಷ್ಟ ಚಿತ್ರ ಮತ್ತು ತೂಕ ಬೇಕು. 1565ರ ರಕ್ಕಸಗಿ–ತಂಗಡಗಿ ಯುದ್ಧದ ನಂತರ ವರಹದ ಉತ್ಪಾದನೆ ನಿಜಕ್ಕೂ ಕುಸಿಯಿತೇ, ಇಲ್ಲವೇ ಪೆನುಕೊಂಡದಿಂದ ಹಾಗೆಯೇ ಮುಂದುವರಿಯಿತೇ? ಕುದುರೆ ವ್ಯಾಪಾರಕ್ಕೆ ಸಾಮ್ರಾಜ್ಯ ಎಷ್ಟು ಚಿನ್ನ ಟಂಕಿಸಬೇಕಾಯಿತು? ಅಚ್ಚುಗಳ ಎಣಿಕೆಯಿಂದ ಇಂತಹ ಪ್ರಶ್ನೆಗಳಿಗೆ ಉತ್ತರ ಸಿಗಬಹುದು. ಆದರೆ ಉತ್ತರ ಹೇಳಬೇಕಾದ ನಾಣ್ಯಗಳೇ ಕರಗುತ್ತಿವೆ.

ಕರಗುವುದಕ್ಕೆ ಕಾರಣಗಳು ಹಲವು. 1818ರಲ್ಲಿ ಮದ್ರಾಸ್ ಪ್ರಾಂತ್ಯ ವರಹದ ಲೆಕ್ಕವನ್ನು ಬಿಟ್ಟು ರೂಪಾಯಿಗೆ ಹೊರಳಿತು. 1835ರ ಕಾನೂನು ಕಂಪನಿಯ ಆಳ್ವಿಕೆಯ ಸೀಮೆಗಳಲ್ಲಿ ಚಿನ್ನದ ನಾಣ್ಯದ ಶಾಸನಬದ್ಧ ಚಲಾವಣೆಯನ್ನು ನಿಲ್ಲಿಸಿತು. ಹಣವಾಗಿದ್ದ ವರಹ ಅಂದಿನಿಂದ ಬರೀ ಬಂಗಾರವಾಯಿತು. ನಿಜಾಮರ ಸೀಮೆಯಲ್ಲಿದ್ದ ಸುರಪುರದಲ್ಲಿ ಹಾಲಿ ಸಿಕ್ಕಾ ರೂಪಾಯಿಯೂ ಚಿನ್ನದ ಅಶ್ರಫಿಯೂ ಇದ್ದವು. ಸ್ವಾತಂತ್ರ್ಯಾನಂತರ ಅವೂ ಅದೇ ದಾರಿ ಹಿಡಿದವು. ನಮ್ಮ ಹೆಣ್ಣುಮಕ್ಕಳ ಕಾಸಿನ ಸರ, ಪುತಳಿ ಸರಗಳು ಒಂದು ರೀತಿಯಲ್ಲಿ ನಾಣ್ಯಗಳ ಸಂಗ್ರಹಾಲಯಗಳೇ ಆಗಿದ್ದವು. ಪುತಳಿ ಎಂಬ ಹೆಸರೇ ವೆನಿಸ್‌ನ ಡುಕಾಟ್ ನಾಣ್ಯದ ಮೇಲಿದ್ದ ಮಾನವಾಕೃತಿಯಿಂದ ಬಂತೆಂದು ಹೇಳುತ್ತಾರೆ. ಆಮೇಲೆ ನಾಣ್ಯದ ಜಾಗಕ್ಕೆ ತೆಳು ತಗಡಿನ ಬಿಲ್ಲೆಗಳು ಬಂದವು, ಮೂಲ ನಾಣ್ಯಗಳು ಬಳೆಯಾದವು. 1963ರ ಚಿನ್ನ ನಿಯಂತ್ರಣ ನಿಯಮಗಳು ಮತ್ತು 1968ರ ಕಾಯ್ದೆ ಗಟ್ಟಿ ಹಾಗೂ ನಾಣ್ಯಗಳ ಮೇಲೆ ಒಡವೆಗಳಿಗಿಂತ ಬಿಗಿಯಾದ ನಿರ್ಬಂಧ ಹೇರಿದಾಗ, ಮನೆಯಲ್ಲಿ ಹಳೆಯ ನಾಣ್ಯವಿದ್ದವರು ಅದನ್ನು ಒಡವೆ ಮಾಡಿಸಿಕೊಂಡರೆ ಆಶ್ಚರ್ಯವೇನು? ಆ ಕಾಯ್ದೆ 1990ರಲ್ಲಿ ರದ್ದಾಯಿತು. ಅದು ಹುಟ್ಟಿಸಿದ ಭಯ ರದ್ದಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ನಿಧಿಯ ಕಾನೂನಿನ ಹಿಂದಿರುವ ದೃಷ್ಟಿ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕವನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ನಿಧಿಯನ್ನು ಸರ್ಕಾರಿ ಖಜಾನೆಗೆ ಒಪ್ಪಿಸಬೇಕು. ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ. ಸರ್ಕಾರ ಅದನ್ನು ತಾನೇ ಇಟ್ಟುಕೊಳ್ಳಬೇಕೆಂದರೆ ಕೊಡಬೇಕಾದುದು ಲೋಹದ ಬೆಲೆ ಮತ್ತು ಆ ಬೆಲೆಯ ಐದನೆಯ ಒಂದು ಭಾಗ. ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯ್ದೆಯನ್ನು ರೂಪಿಸಿಕೊಂಡಿತು. ಆದರೂ ನಿಧಿ ಎಂದರೆ ಮೊದಲು ಲೋಹ, ಆಮೇಲೆ ಉಳಿದದ್ದು ಎಂಬ ಮನೋಭಾವ ಆಡಳಿತದಲ್ಲಿ ಹಾಗೆಯೇ ಉಳಿದಿದೆ. 1878ರ ಆ ಸೂತ್ರವನ್ನು ಇಂದಿನ ಬೆಲೆಗೆ ಅನ್ವಯಿಸಿ ನೋಡೋಣ. 2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಲೆಕ್ಕದ ಅನುಕೂಲಕ್ಕೆ ಅದೇ ದರ ಹಿಡಿದರೆ 3.4 ಗ್ರಾಂನ ವರಹಕ್ಕೆ ಲೋಹದ ಬೆಲೆ 34 ಸಾವಿರ. ಐದನೆಯ ಒಂದು ಭಾಗ ಸೇರಿದರೆ 40,800. ಸಾಮಾನ್ಯ ಬಾಲಕೃಷ್ಣನ ವರಹಕ್ಕೂ ಅಷ್ಟೇ, ಜಗತ್ತಿನಲ್ಲಿ ಇನ್ನೊಂದಿಲ್ಲದ ಅಚ್ಚಿನ ವರಹಕ್ಕೂ ಅಷ್ಟೇ. ಒಪ್ಪಿಸಿದವನಿಗೆ ಪಂಚನಾಮೆ, ವಿಚಾರಣೆ, ತಿಂಗಳುಗಟ್ಟಲೆ ಕಾಯುವಿಕೆ. ರಾತ್ರೋರಾತ್ರಿ ಕರಗಿಸಿದವನಿಗೆ ಮರುದಿನವೇ ರೊಕ್ಕ. ಯಾವುದೇ ನೀತಿಬೋಧೆಯಿಂದ ಈ ಲೆಕ್ಕವನ್ನು ತಿರುಗಿಸಲು ಆಗುವುದಿಲ್ಲ.

ಮೂರು ದಶಕಗಳಿಗೂ ಮೀರಿದ ಸರ್ಕಾರಿ ಸೇವೆಯಲ್ಲಿ ಇಂತಹ ಪಂಚನಾಮೆಗಳನ್ನು ನಾನು ಹಲವು ಬಾರಿ ಓದಿದ್ದೇನೆ. ಅವುಗಳ ಭಾಷೆ ಬಹುತೇಕ ಒಂದೇ. ‘ಹಳದಿ ಬಣ್ಣದ ಲೋಹದ ದುಂಡನೆಯ ಬಿಲ್ಲೆಗಳು, ಇಷ್ಟು ಸಂಖ್ಯೆ, ಒಟ್ಟು ಇಷ್ಟು ಗ್ರಾಂ.’ ಪರೀಕ್ಷೆಯಾಗುವ ಮೊದಲು ಚಿನ್ನ ಎಂದು ಬರೆಯಬಾರದು ಎಂಬ ಎಚ್ಚರಿಕೆ ಸರಿಯಾದದ್ದೇ. ಆದರೆ ಬಿಡಿ ನಾಣ್ಯದ ತೂಕವಿಲ್ಲ, ಮುಂಬದಿ–ಹಿಂಬದಿಗಳ ಚಿತ್ರವಿಲ್ಲ, ಅವು ಯಾವ ಪಾತ್ರೆಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕವು ಎಂಬ ವಿವರವೂ ಇಲ್ಲ. ಖಜಾನೆಯ ಭದ್ರಕೋಣೆಯಲ್ಲಿ ಅರಗು ಮುದ್ರೆಯ ಚೀಲದೊಳಗೆ ಕೂತ ಆ ಬಿಲ್ಲೆಗಳು ಅಧಿಕಾರಿಗಳು ಬದಲಾದಾಗಲೆಲ್ಲ ಎಣಿಕೆಯಾಗುತ್ತವೆ, ತೂಗಲ್ಪಡುತ್ತವೆ. ಅವುಗಳನ್ನು ಓದುವವರು ಮಾತ್ರ ಬರುವುದಿಲ್ಲ. ಇದು ಯಾರೊಬ್ಬರ ದೋಷವೂ ಅಲ್ಲ. ನಮೂನೆಯಲ್ಲಿ ಕಾಲಂ ಇಲ್ಲದ ಸಂಗತಿಯನ್ನು ನಮ್ಮ ಕಚೇರಿಗಳು ದಾಖಲಿಸುವುದಿಲ್ಲ.

ಇನ್ನೊಂದು ಕಡೆ ನಿಧಿಯ ಆಸೆ ಸಮಾಜವನ್ನು ಹಾಳು ಮಾಡುತ್ತಿದೆ. ಪಾಳುಬಿದ್ದ ಗುಡಿಗಳ ಗರ್ಭಗೃಹ ಅಗೆಯುವವರು, ವೀರಗಲ್ಲು ಕೀಳುವವರು ನಮ್ಮ ಜಿಲ್ಲೆಗಳಿಗೆ ಹೊಸಬರಲ್ಲ. ‘ಮನೆಯ ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ಕಿವೆ, ಅರ್ಧ ಬೆಲೆಗೆ ಕೊಡುತ್ತೇವೆ’ ಎಂದು ನಂಬಿಸಿ ನಕಲಿ ಬಿಲ್ಲೆ ಮಾರುವ ಜಾಲದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿದ್ಯಾವಂತರೂ ಇದಕ್ಕೆ ಬಲಿಯಾಗುತ್ತಾರೆ. ಅಚ್ಚಿನ ತಿಳಿವಳಿಕೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಸುತ್ತಿಗೆಯಿಂದ ಹೊಡೆದ ಎರಡು ನಾಣ್ಯಗಳು ಒಂದೇ ಅಚ್ಚಿನವಾದರೂ ಅಂಚಿನ ಆಕಾರ, ಅಚ್ಚು ಬಿದ್ದ ಜಾಗ, ಸವೆತ, ಗೀರುಗಳು ಬೇರೆ ಬೇರೆಯೇ ಆಗಿರುತ್ತವೆ. ಒಂದು ನಾಣ್ಯದಿಂದ ತೆಗೆದ ಎರಕದ ಪ್ರತಿಗಳಲ್ಲಿ ಅದೇ ಅಂಚು, ಅದೇ ಗೀರು ಎಲ್ಲದರಲ್ಲೂ ಪುನರಾವರ್ತನೆಯಾಗುತ್ತದೆ. ಚೀಲದಲ್ಲಿರುವ ಎರಡು ನಾಣ್ಯಗಳ ಮೇಲೆ ಒಂದೇ ಜಾಗದಲ್ಲಿ ಒಂದೇ ತಗ್ಗು ಕಂಡರೆ ಅಲ್ಲಿಂದ ಎದ್ದು ಬರುವುದು ಕ್ಷೇಮ. ಕದ್ದು ಕೊಳ್ಳುವ ವ್ಯವಹಾರವೇ ಕಾನೂನಿಗೆ ವಿರುದ್ಧ ಎಂಬುದಂತೂ ಇದ್ದೇ ಇದೆ.

ಖಾಸಗಿ ಸಂಗ್ರಾಹಕರಿಗೆ ಮಾನ್ಯತೆ ಕೊಟ್ಟರೆ ಲೂಟಿಗೆ ಉತ್ತೇಜನ ಕೊಟ್ಟಂತಾಗುವುದಿಲ್ಲವೇ ಎಂಬ ಆಕ್ಷೇಪಣೆಯನ್ನು ಹಗುರವಾಗಿ ಕಾಣುವಂತಿಲ್ಲ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯಗಳನ್ನು ಪುರಾವಸ್ತುಗಳೆಂದು ಪರಿಗಣಿಸುತ್ತದೆ, ಅವುಗಳ ರಫ್ತನ್ನು ಖಾಸಗಿಯವರಿಗೆ ನಿಷೇಧಿಸುತ್ತದೆ, ವ್ಯಾಪಾರಕ್ಕೆ ಪರವಾನಗಿ ಬೇಕೆನ್ನುತ್ತದೆ. ಇದು ಇರಬೇಕಾದದ್ದೇ. ಆದರೆ ಕದ್ದು ಅಗೆಯುವವನಿಗೂ, ಹೊಲ ಉಳುವಾಗ ಆಕಸ್ಮಿಕವಾಗಿ ನಾಣ್ಯ ಸಿಕ್ಕ ರೈತನಿಗೂ ವ್ಯತ್ಯಾಸವಿದೆ. ಇಂಗ್ಲೆಂಡ್ 1996ರಲ್ಲಿ ತನ್ನ ನಿಧಿ ಕಾನೂನನ್ನು ತಿದ್ದಿ ಬರೆಯಿತು. ಸ್ವತಂತ್ರ ಸಮಿತಿಯೊಂದು ಪೇಟೆಯ ಬೆಲೆಯನ್ನು ನಿರ್ಧರಿಸುತ್ತದೆ. ವಸ್ತುಸಂಗ್ರಹಾಲಯ ಅದನ್ನು ಕೊಂಡರೆ ಆ ಬೆಲೆ ಸಿಕ್ಕವನಿಗೂ ಜಮೀನಿನ ಒಡೆಯನಿಗೂ ಸೇರುತ್ತದೆ. ಜತೆಗೆ ಸಾಮಾನ್ಯ ಜನರಿಗೆ ಸಿಕ್ಕ ವಸ್ತುಗಳನ್ನು ಸ್ವಯಂಪ್ರೇರಣೆಯಿಂದ ದಾಖಲಿಸುವ ಯೋಜನೆಯೊಂದು 1997ರಲ್ಲಿ ಆರಂಭವಾಗಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ದಾಖಲಿಸಿದೆ. ನಮ್ಮ ಪರಿಸ್ಥಿತಿ ಬೇರೆ, ಲೋಹಶೋಧಕ ಯಂತ್ರ ಹಿಡಿದು ಯಾರು ಬೇಕಾದರೂ ಹೊಲಕ್ಕಿಳಿಯುವ ಸ್ವಾತಂತ್ರ್ಯ ನಮಗೆ ಬೇಡ. ಪ್ರಾಮಾಣಿಕನಿಗೆ ನಷ್ಟವಾಗಬಾರದು ಎಂಬ ತತ್ವವನ್ನಷ್ಟೇ ಅಲ್ಲಿಂದ ತೆಗೆದುಕೊಂಡರೆ ಸಾಕು.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಮೊದಲನೆಯದಾಗಿ, ನಿಧಿ ಸಿಕ್ಕ ಸ್ಥಳದಲ್ಲಿ ಬರೆಯುವ ಪಂಚನಾಮೆಯ ನಮೂನೆ ಬದಲಾಗಬೇಕು. ಪ್ರತಿ ನಾಣ್ಯದ ಎರಡೂ ಬದಿಯ ಚಿತ್ರ, ಮಿಲಿಗ್ರಾಂವರೆಗಿನ ಬಿಡಿ ತೂಕ, ವ್ಯಾಸ, ದೊರೆತ ಸಂದರ್ಭ ಇವಿಷ್ಟು ಕಡ್ಡಾಯವಾದರೆ, ನಾಣ್ಯ ಮುಂದೆ ಯಾರ ಪಾಲಾದರೂ ಅಚ್ಚಿನ ದಾಖಲೆ ಉಳಿಯುತ್ತದೆ. ಪ್ರತಿ ಗ್ರಾಮ ಆಡಳಿತಾಧಿಕಾರಿಯ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಫೋನ್ ಇರುವ ಕಾಲದಲ್ಲಿ ಇದಕ್ಕೆ ಖರ್ಚಿನ ನೆಪ ಹೇಳಲಾಗದು. ಎರಡನೆಯದಾಗಿ, ಸರ್ಕಾರ ಕೊಡುವ ಪರಿಹಾರ ಲೋಹದ ಬೆಲೆಗೆ ಬದಲಾಗಿ ತಜ್ಞರು ನಿರ್ಧರಿಸಿದ ನಾಣ್ಯದ ಬೆಲೆಗೆ ಹೊಂದಿರಬೇಕು, ಕಾಲಮಿತಿಯೊಳಗೆ ಕೈಗೆ ಸಿಗಬೇಕು. 1878ರದಾಗಲಿ 1962ರದಾಗಲಿ ನಿಧಿ ಕಾಯ್ದೆಯನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದು ಶಾಸಕಾಂಗದ ಹೊಣೆ. ಮೂರನೆಯದಾಗಿ, ಖಜಾನೆಗಳಲ್ಲೂ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲೂ ಈಗಾಗಲೇ ಇರುವ ಚಿನ್ನದ ನಾಣ್ಯಗಳ ಸಚಿತ್ರ ಪಟ್ಟಿ ಪ್ರಕಟವಾಗಬೇಕು. ಗುಲಬರ್ಗಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತ ಕೆಲಸ ಸಿಗಲಾರದು. ಖಾಸಗಿ ಸಂಗ್ರಾಹಕರು ತಮ್ಮ ನಾಣ್ಯಗಳ ಚಿತ್ರಗಳನ್ನು ಆ ಪಟ್ಟಿಗೆ ಸೇರಿಸಲು ಮುಂದೆ ಬಂದರೆ ಅವರನ್ನು ಅನುಮಾನದಿಂದ ನೋಡದೆ ಸ್ವಾಗತಿಸಬೇಕು.

ನಾಲ್ಕನೆಯ ಕೆಲಸ ನಮ್ಮ ಪತ್ತಾರರಿಗೆ ಸೇರಿದ್ದು. ಕಕ್ಕೇರಾದಂತಹ ಊರುಗಳಲ್ಲಿ ಮನೆಯಲ್ಲಿ ತಲೆಮಾರುಗಳಿಂದ ಉಳಿದುಬಂದ ಹಳೆಯ ಬಂಗಾರ ಮೊದಲು ಬರುವುದು ಪತ್ತಾರನ ಅಂಗಡಿಗೆ. ಹತ್ತಿರದ ತಿಂಥಣಿಯ ಮೌನೇಶ್ವರ ವಿಶ್ವಕರ್ಮ ಕುಲದಲ್ಲಿ ಹುಟ್ಟಿ ಎಲ್ಲ ಜಾತಿ ಮತಗಳವರೂ ನಡೆದುಕೊಳ್ಳುವ ಸಂತನಾದವನು. ಅವನನ್ನು ನೆನೆಯುವ ಕುಶಲಕರ್ಮಿಗಳ ಪೂರ್ವಿಕರೇ ಆ ಅಚ್ಚುಗಳನ್ನು ಕೊರೆದವರು. ನಾಣ್ಯವನ್ನು ಕರಗಿಸುವ ಕೈಯೂ ಅದನ್ನು ಟಂಕಿಸಿದ ಕೈಯೂ ಒಂದೇ ಕಸುಬಿನವು. ಮನೆಯ ಹಳೆಯ ಸರದಿಂದ ಬಿಡಿಸಿದ ವರಹವೊಂದು ಮೂಸೆಗೆ ಹೋಗುವ ಮುನ್ನ ಅದರ ಎರಡು ಚಿತ್ರ ತೆಗೆದು ತೂಕ ಬರೆದಿಡಿ ಎಂದು ಇಲಾಖೆ ಅವರಲ್ಲಿ ಕೇಳಿಕೊಂಡರೆ, ಅದರ ಬೆಲೆ ಲೋಹಕ್ಕಿಂತ ಹೆಚ್ಚಿರಬಹುದು ಎಂದು ತಿಳಿಹೇಳಿದರೆ, ಅವರು ಕೇಳಲಾರರೆಂದು ಭಾವಿಸುವುದಕ್ಕೆ ಕಾರಣವಿಲ್ಲ. ಕಸುಬಿನ ಬೆಲೆ ಕಸುಬಿನವರಿಗೇ ಚೆನ್ನಾಗಿ ಗೊತ್ತು.

ಓದುಗರ ಮನೆಗಳಲ್ಲೂ ಇಂತಹ ಒಂದೆರಡು ನಾಣ್ಯಗಳು ಇರಬಹುದು. ದೇವರ ಪೆಟ್ಟಿಗೆಯಲ್ಲೋ, ಅಜ್ಜಿಯ ಕರಿಮಣಿ ಸರದಲ್ಲೋ, ಲಕ್ಷ್ಮೀಪೂಜೆಯ ದಿನ ಮಾತ್ರ ಹೊರಗೆ ಬರುವ ಬಟ್ಟಲಲ್ಲೋ. ಚಿನ್ನದ ಬೆಲೆ ಏರಿದಾಗಲೆಲ್ಲ ಅವುಗಳ ಆಯುಷ್ಯ ಕಡಿಮೆಯಾಗುತ್ತದೆ. ಮಾರಲೇಬೇಕಾದ ಕಷ್ಟ ಬಂದರೆ ಮಾರಲಿ, ಯಾರೂ ತಡೆಯಲಾರರು. ಆದರೆ ಅದಕ್ಕೆ ಮೊದಲು ಒಂದು ಭೂತಗನ್ನಡಿ ಹಿಡಿದು ಅದರ ಮೇಲಿರುವ ಅಕ್ಷರಗಳನ್ನು ನೋಡಲಿ, ಹತ್ತಿರದ ವಸ್ತುಸಂಗ್ರಹಾಲಯಕ್ಕೋ ಇತಿಹಾಸ ಕಲಿಸುವ ಅಧ್ಯಾಪಕರಿಗೋ ತೋರಿಸಲಿ. ಐದು ನೂರು ವರ್ಷಗಳ ಹಿಂದೆ ಒಬ್ಬ ಅಕ್ಕಸಾಲಿಗ ಆ ಅಚ್ಚನ್ನು ಕೊರೆಯಲು ತೆಗೆದುಕೊಂಡ ಶ್ರಮಕ್ಕೆ ನಾವು ಅಷ್ಟಾದರೂ ಸಮಯ ಕೊಡಬೇಕು.